ಉಪಕರಣ ಕೊಠಡಿಗಳಿಗೆ ಗೋಡೆ ಎ.ಸಿ. ಅಳವಡಿಕೆ ಮತ್ತು ನಿಯಂತ್ರಣ: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ರಾಜ್ಯದಲ್ಲಿ 2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆಯಡಿ ಪಹಣಿಗಳು ಗಣಕೀಕೃತಗೊಂಡವು. 2005ರಲ್ಲಿ ಬೆಂಗಳೂರು ಒನ್ ಕೇಂದ್ರಗಳು ಆರಂಭವಾದವು. ಅಂದಿನಿಂದ ಸಣ್ಣ ಊರುಗಳಲ್ಲಿಯೂ ಸರ್ವರ್, ನೆಟ್‌ವರ್ಕ್ ಸ್ವಿಚ್, ಯು.ಪಿ.ಎಸ್. ಮತ್ತು ಬ್ಯಾಟರಿಗಳನ್ನು ಇರಿಸುವ ಪ್ರತ್ಯೇಕ ಕೊಠಡಿಗಳು ಸಾಮಾನ್ಯವಾಗಿವೆ. ಸಹಕಾರ ಸಂಘಗಳು, ಖಾಸಗಿ ಚಿಕಿತ್ಸಾಲಯಗಳು, ರೋಗಪರೀಕ್ಷಾ ಪ್ರಯೋಗಾಲಯಗಳು, ಕಾಲೇಜುಗಳು, ಕೇಬಲ್ ಮತ್ತು ಅಂತರಜಾಲ ಸೇವೆ ನೀಡುವವರು ಹಾಗೂ ನಾಗರಿಕ ಸೇವಾ ಕೇಂದ್ರಗಳನ್ನು ನಡೆಸುವವರು ಇಂತಹ ಕೊಠಡಿಗಳನ್ನು ಹೊಂದಿರುತ್ತಾರೆ.

ಈ ಕೊಠಡಿಗಳನ್ನು ತಂಪಾಗಿರಿಸಲು ಬಹುತೇಕ ಸಂದರ್ಭಗಳಲ್ಲಿ ಗೋಡೆಗೆ ಅಳವಡಿಸುವ ಸ್ಪ್ಲಿಟ್ ಮಾದರಿಯ ಎ.ಸಿ. ಯಂತ್ರವನ್ನೇ ಬಳಸಲಾಗುತ್ತದೆ. ಈ ಯಂತ್ರವನ್ನು ಮೂಲತಃ ಮನೆ ಮತ್ತು ಕಚೇರಿಗಳಲ್ಲಿ ಜನರ ಅನುಕೂಲಕ್ಕಾಗಿ ರೂಪಿಸಲಾಗಿದೆ. ಉಪಕರಣ ಕೊಠಡಿಯಲ್ಲಿ ಬಳಸುವಾಗ ಅದರ ಆಯ್ಕೆ, ಅಳವಡಿಕೆ ಮತ್ತು ನಿಯಂತ್ರಣಗಳಲ್ಲಿ ಬೇರೆಯೇ ಕ್ರಮವನ್ನು ಅನುಸರಿಸಬೇಕಾಗುತ್ತದೆ. ಕೊಠಡಿ ಬಿಸಿಯೇರಿ ಸರ್ವರ್ ಸ್ಥಗಿತಗೊಂಡಲ್ಲಿ ನಷ್ಟವಾಗುವುದು ಯಂತ್ರದ ಮಾಲೀಕರಿಗೆ ಮಾತ್ರವಲ್ಲ. ಅಂದು ಸಾಲದ ಕಂತು ಕಟ್ಟಲು, ಪರೀಕ್ಷಾ ವರದಿ ಪಡೆಯಲು ಅಥವಾ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಲು ಬಂದವರೂ ಬರಿಗೈಯಲ್ಲಿ ಹಿಂತಿರುಗಬೇಕಾಗುತ್ತದೆ.

ಇಂತಹ ಕೊಠಡಿಗೆ ಹೊಸದಾಗಿ ಎ.ಸಿ. ಅಳವಡಿಸಿಕೊಳ್ಳಲು ಮತ್ತು ಅದಕ್ಕಾಗಿ ಹೆಚ್ಚುವರಿ ವಿದ್ಯುತ್ ಲೋಡ್ ಪಡೆಯಲು ಉದ್ದೇಶಿಸಿರುವ ಅರ್ಜಿದಾರರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಒಂದು ಅಥವಾ ಎರಡು ರ‍್ಯಾಕ್‌ಗಳಿರುವ ಸಣ್ಣ ಕೊಠಡಿಗಳಿಗೆ ಇದು ಅನ್ವಯಿಸುತ್ತದೆ. ದೊಡ್ಡ ದತ್ತಾಂಶ ಕೇಂದ್ರಗಳಿಗೆ ವಿಶೇಷ ಹವಾನಿಯಂತ್ರಣ ವ್ಯವಸ್ಥೆ ಬೇಕಾಗುವುದರಿಂದ ಅವು ಈ ಮಾಹಿತಿಯ ವ್ಯಾಪ್ತಿಯಲ್ಲಿರುವುದಿಲ್ಲ.

2. ಉಪಕರಣ ಕೊಠಡಿಯ ವಿಶೇಷತೆ

ಮನೆಯ ಮಲಗುವ ಕೋಣೆಯ ಎ.ಸಿ. ದಿನಕ್ಕೆ ಕೆಲವು ಗಂಟೆ, ವರ್ಷಕ್ಕೆ ಕೆಲವು ತಿಂಗಳು ಮಾತ್ರ ಚಾಲನೆಯಲ್ಲಿರುತ್ತದೆ. ಉಪಕರಣಗಳು ಹಗಲು ರಾತ್ರಿ ಎನ್ನದೆ, ಬೇಸಿಗೆ ಚಳಿಗಾಲ ಎನ್ನದೆ ಶಾಖವನ್ನು ಹೊರಸೂಸುತ್ತಲೇ ಇರುತ್ತವೆ. ವರ್ಷದ ಗಂಟೆಗಳು 8,760. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆಯಾದ ಬಿ.ಇ.ಇ. ನೀಡುವ ಸ್ಟಾರ್ ಲೇಬಲ್‌ನಲ್ಲಿ ನಮೂದಿಸಿರುವ ವಾರ್ಷಿಕ ವಿದ್ಯುತ್ ಬಳಕೆಯನ್ನು 1,600 ಗಂಟೆಗಳ ಚಾಲನೆಗೆ ಲೆಕ್ಕ ಹಾಕಲಾಗಿರುತ್ತದೆ. ಉಪಕರಣ ಕೊಠಡಿಯ ಎ.ಸಿ. ಇದರ ಸುಮಾರು ಐದೂವರೆ ಪಟ್ಟು ಗಂಟೆಗಳ ಕಾಲ ಸೇವೆಯಲ್ಲಿರಬೇಕಾಗುತ್ತದೆ. ಆದುದರಿಂದ ಲೇಬಲ್‌ನ ಯೂನಿಟ್ ಸಂಖ್ಯೆಯನ್ನೇ ನಂಬಿ ವಿದ್ಯುತ್ ವೆಚ್ಚವನ್ನು ಅಂದಾಜು ಮಾಡಬಾರದು.

ಎರಡನೆಯದಾಗಿ, ಜನರಿರುವ ಕೊಠಡಿಯಲ್ಲಿ ಎ.ಸಿ. ಕೆಟ್ಟರೆ ಜನ ಕಿಟಕಿ ತೆರೆಯುತ್ತಾರೆ ಅಥವಾ ಹೊರಗೆ ಬರುತ್ತಾರೆ. ಉಪಕರಣಗಳಿಗೆ ಆ ಅವಕಾಶವಿಲ್ಲ. ರಾತ್ರಿ ಅಥವಾ ರಜಾದಿನಗಳಲ್ಲಿ ಕೆಟ್ಟದ್ದನ್ನು ಗಮನಿಸುವವರೂ ಇರುವುದಿಲ್ಲ. ಆದ್ದರಿಂದ ಎ.ಸಿ. ಚಾಲನೆಯಲ್ಲಿರುವಾಗ ಎಷ್ಟು ತಂಪು ನೀಡುತ್ತದೆ ಎಂಬುದರ ಜೊತೆಗೆ, ಅದು ನಿಂತಾಗ ಏನಾಗಬೇಕು ಎಂಬುದನ್ನು ಮೊದಲೇ ನಿರ್ಧರಿಸುವುದು ಇಡೀ ವ್ಯವಸ್ಥೆಯ ಮುಖ್ಯ ಅಂಶವಾಗಿರುತ್ತದೆ.

3. ಎಷ್ಟು ತಾಪಮಾನ ಅಗತ್ಯ

ಉಪಕರಣ ಕೊಠಡಿಯು ಹಿಮದಂತೆ ತಣ್ಣಗಿರಬೇಕೆಂಬುದು ತಪ್ಪು ಕಲ್ಪನೆ. ಹವಾನಿಯಂತ್ರಣ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಆಶ್ರೇ 2004ರಲ್ಲಿ 20ರಿಂದ 25 ಡಿಗ್ರಿ ಸೆಲ್ಸಿಯಸ್ ತಾಪಮಾನವನ್ನು ಶಿಫಾರಸು ಮಾಡಿತ್ತು. 2008ರಲ್ಲಿ ಇದನ್ನು 18ರಿಂದ 27 ಡಿಗ್ರಿಗೆ ವಿಸ್ತರಿಸಿತು. ಈ ಮಿತಿಯು ಉಪಕರಣದ ಮುಂಭಾಗದಲ್ಲಿ ಒಳಹೋಗುವ ಗಾಳಿಗೆ ಸಂಬಂಧಿಸಿದ್ದು, ಹಿಂಭಾಗದಿಂದ ಹೊರಬರುವ ಬಿಸಿ ಗಾಳಿಗೆ ಅಲ್ಲ.

ಸಣ್ಣ ಕೊಠಡಿಗಳಲ್ಲಿ 24 ಡಿಗ್ರಿಯನ್ನು ನಿಗದಿಪಡಿಸಿಕೊಳ್ಳುವುದು ಸೂಕ್ತ. 2020ರ ಜನವರಿ 1ರಿಂದ ಸ್ಟಾರ್ ಲೇಬಲ್ ಹೊಂದಿದ ಎಲ್ಲಾ ಕೊಠಡಿ ಎ.ಸಿ.ಗಳಲ್ಲಿ ಪೂರ್ವನಿಗದಿತ ತಾಪಮಾನವು 24 ಡಿಗ್ರಿಯೇ ಆಗಿರಬೇಕೆಂದು ಕೇಂದ್ರ ಸರ್ಕಾರವು ಕಡ್ಡಾಯಗೊಳಿಸಿದೆ. 18 ಡಿಗ್ರಿಗೆ ಇಳಿಸಿದರೆ ವಿದ್ಯುತ್ ಬಳಕೆ ಹೆಚ್ಚುತ್ತದೆ ಮತ್ತು ಕಂಪ್ರೆಸರ್‌ಗೆ ಬಿಡುವು ದೊರೆಯುವುದಿಲ್ಲ. ಕರಾವಳಿಯ ಮಳೆಗಾಲದಲ್ಲಿ ತಣ್ಣನೆಯ ಗೋಡೆಯ ಹೊರಮೈಯಲ್ಲಿ ಮತ್ತು ಬಾಗಿಲ ಬಳಿ ತೇವ ಕಟ್ಟುವ ಸಂಭವವೂ ಇರುತ್ತದೆ.

ಬ್ಯಾಟರಿಗಳು ಅದೇ ಕೊಠಡಿಯಲ್ಲಿದ್ದರೆ ತಾಪಮಾನಕ್ಕೆ ಹೆಚ್ಚಿನ ಮಹತ್ವವಿದೆ. ಮೊಹರು ಮಾಡಿದ ಸೀಸ-ಆಮ್ಲ ಬ್ಯಾಟರಿಯ ಆಯುಷ್ಯವು 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಹೆಚ್ಚಿದಂತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಐದು ವರ್ಷ ಬಾಳಬೇಕಾದ ಬ್ಯಾಟರಿಯು ಸದಾ 35 ಡಿಗ್ರಿಯಲ್ಲಿದ್ದರೆ ಎರಡೂವರೆ ವರ್ಷದ ಆಸುಪಾಸಿನಲ್ಲೇ ಬದಲಾವಣೆಗೆ ಬರಬಹುದು. ನೀರು ತುಂಬಿಸುವ ಮಾದರಿಯ ಬ್ಯಾಟರಿಗಳು ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲವನ್ನು ಹೊರಬಿಡುವುದರಿಂದ ಅವುಗಳನ್ನು ಮುಚ್ಚಿದ ಎ.ಸಿ. ಕೊಠಡಿಯಲ್ಲಿ ಇರಿಸಬಾರದು. ಗಾಳಿಯಾಡುವ ಬೇರೆ ಜಾಗವನ್ನು ಒದಗಿಸಬೇಕು.

4. ಎಷ್ಟು ಟನ್‌ನ ಯಂತ್ರ: ಲೆಕ್ಕ ಹಾಕುವ ವಿಧಾನ

ಕೊಠಡಿಯ ವಿಸ್ತೀರ್ಣವನ್ನು ಮಾತ್ರ ನೋಡಿ ಟನ್ ನಿರ್ಧರಿಸುವ ರೂಢಿಯು ಉಪಕರಣ ಕೊಠಡಿಗೆ ಅನ್ವಯಿಸುವುದಿಲ್ಲ. ಉಪಕರಣಗಳು ಬಳಸುವ ವಿದ್ಯುತ್ ಬಹುತೇಕ ಪೂರ್ಣವಾಗಿ ಶಾಖವಾಗಿ ಕೊಠಡಿಯನ್ನು ಸೇರುತ್ತದೆ. ಒಂದು ಟನ್ ಎಂದರೆ 3.517 ಕಿಲೋವ್ಯಾಟ್ ಶಾಖವನ್ನು ಹೊರಹಾಕುವ ಸಾಮರ್ಥ್ಯ.

ಉದಾಹರಣೆಗೆ, 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ, ಮೇಲ್ಮಹಡಿಯಲ್ಲಿರುವ ಕೊಠಡಿಯೊಂದರ ಅಂದಾಜು ಈ ಕೆಳಗಿನಂತಿರುತ್ತದೆ:

- ಸರ್ವರ್, ಸ್ವಿಚ್ ಮತ್ತು ಇತರ ಉಪಕರಣಗಳು: 2,000 ವ್ಯಾಟ್
- ಯು.ಪಿ.ಎಸ್.ನಲ್ಲಿ ಆಗುವ ನಷ್ಟ: 200 ವ್ಯಾಟ್
- ದೀಪಗಳು: 50 ವ್ಯಾಟ್
- ಕೆಲಸ ಮಾಡುವ ಒಬ್ಬ ವ್ಯಕ್ತಿ: 100 ವ್ಯಾಟ್
- ಬಿಸಿಲು ಬೀಳುವ ತಾರಸಿ ಮತ್ತು ಗೋಡೆಗಳ ಮೂಲಕ: 1,200 ವ್ಯಾಟ್
- ಒಟ್ಟು: 3,550 ವ್ಯಾಟ್

ಈ ಮೊತ್ತವು ಒಂದು ಟನ್‌ಗೆ ಸಮೀಪವಿದ್ದರೂ ಒಂದು ಟನ್‌ನ ಯಂತ್ರ ಸಾಕಾಗುವುದಿಲ್ಲ. ಎ.ಸಿ.ಯ ನಮೂದಿತ ಸಾಮರ್ಥ್ಯದಲ್ಲಿ ಒಂದು ಪಾಲು ಗಾಳಿಯ ತೇವವನ್ನು ತೆಗೆಯಲು ವ್ಯಯವಾಗುತ್ತದೆ. ಉಪಕರಣಗಳು ತೇವವನ್ನು ಹೊರಬಿಡುವುದಿಲ್ಲ. ಬರಿಯ ಶಾಖವನ್ನು ಹೊರಬಿಡುತ್ತವೆ. ಆದ್ದರಿಂದ ಯೋಜನೆಯ ಹಂತದಲ್ಲಿ ನಮೂದಿತ ಸಾಮರ್ಥ್ಯದ ಮುಕ್ಕಾಲು ಭಾಗ ಮಾತ್ರ ಲಭ್ಯವೆಂದು ಭಾವಿಸುವುದು ಸುರಕ್ಷಿತ. ಒಂದೂವರೆ ಟನ್ ಯಂತ್ರದ 5.27 ಕಿಲೋವ್ಯಾಟ್‌ನಲ್ಲಿ ಮುಕ್ಕಾಲು ಭಾಗ ಸುಮಾರು 3.95 ಕಿಲೋವ್ಯಾಟ್ ಆಗುತ್ತದೆ. ಇದು ಮೇಲಿನ ಕೊಠಡಿಗೆ ಸಾಕಾಗುತ್ತದೆ.

ಯಂತ್ರದ ನಮೂದಿತ ಸಾಮರ್ಥ್ಯವನ್ನು ಹೊರಗಿನ ತಾಪಮಾನ 35 ಡಿಗ್ರಿ ಇರುವಾಗ ಅಳೆಯಲಾಗಿರುತ್ತದೆ. ಕಲಬುರಗಿ, ರಾಯಚೂರು ಮುಂತಾದ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹೊರಗಿನ ತಾಪಮಾನವು 40 ಡಿಗ್ರಿ ದಾಟುವುದು ಸಾಮಾನ್ಯ. ಆಗ ಯಂತ್ರದ ಸಾಮರ್ಥ್ಯ ಕುಗ್ಗುತ್ತದೆ. ಅಂತಹ ಕಡೆ ಮೇಲಿನ ಉದಾಹರಣೆಯ ಕೊಠಡಿಗೆ ಎರಡು ಟನ್‌ನ ಯಂತ್ರವನ್ನು ಪರಿಗಣಿಸಬೇಕು. ತಾರಸಿಯ ಮೇಲೆ ಬಿಳಿ ಬಣ್ಣದ ಲೇಪನ, ಕಿಟಕಿಗಳನ್ನು ಮುಚ್ಚುವುದು ಅಥವಾ ಕೆಳಮಹಡಿಯ ಉತ್ತರ ದಿಕ್ಕಿನ ಕೊಠಡಿಯನ್ನು ಆಯ್ದುಕೊಳ್ಳುವುದು ಇವುಗಳಿಂದ ಹೊರೆಯನ್ನೇ ತಗ್ಗಿಸಬಹುದಾಗಿದೆ.

5. ಯಂತ್ರದ ಆಯ್ಕೆ

ಅ) ಒಂದು ದೊಡ್ಡ ಯಂತ್ರದ ಬದಲು, ಪ್ರತಿಯೊಂದೂ ಪೂರ್ಣ ಹೊರೆಯನ್ನು ಹೊರಬಲ್ಲ ಎರಡು ಯಂತ್ರಗಳನ್ನು ಅಳವಡಿಸಬೇಕು. ಒಂದು ಕೆಟ್ಟಾಗ ಅಥವಾ ದುರಸ್ತಿಯಲ್ಲಿರುವಾಗ ಇನ್ನೊಂದು ಕೆಲಸ ಮಾಡುತ್ತದೆ. ಮೇಲಿನ ಉದಾಹರಣೆಗೆ ಒಂದೂವರೆ ಟನ್‌ನ ಎರಡು ಯಂತ್ರಗಳು ಬೇಕಾಗುತ್ತವೆ.

ಆ) ವಿದ್ಯುತ್ ಹೋಗಿ ಬಂದ ನಂತರ ಯಂತ್ರವು ತಾನಾಗಿಯೇ ಹಿಂದಿನ ಸ್ಥಿತಿಯಲ್ಲಿ ಚಾಲನೆಗೊಳ್ಳುವ 'ಆಟೋ ರೀಸ್ಟಾರ್ಟ್' ಸೌಲಭ್ಯವು ಕಡ್ಡಾಯವಾಗಿ ಇರಬೇಕು. ಈ ಸೌಲಭ್ಯವಿಲ್ಲದ ಯಂತ್ರವು ರಾತ್ರಿ ಎರಡು ನಿಮಿಷ ವಿದ್ಯುತ್ ಹೋದರೂ ಬೆಳಗಿನವರೆಗೆ ಸುಮ್ಮನಿರುತ್ತದೆ.

ಇ) ದಿನವಿಡೀ ಚಾಲನೆಯಲ್ಲಿರುವ ಕಾರಣ ಇನ್ವರ್ಟರ್ ಮಾದರಿಯ, ಹೆಚ್ಚು ಸ್ಟಾರ್‌ಗಳಿರುವ ಯಂತ್ರದ ಹೆಚ್ಚುವರಿ ಬೆಲೆಯು ಮನೆ ಬಳಕೆಗಿಂತ ಬೇಗನೆ ವಸೂಲಾಗುತ್ತದೆ.

ಈ) ಹೊರಗಿನ ತಾಪಮಾನ ಎಷ್ಟಕ್ಕೆ ಇಳಿದರೂ ಯಂತ್ರವು ತಂಪುಗೊಳಿಸುವ ಕಾರ್ಯ ನಡೆಸಬಲ್ಲದು ಎಂಬುದನ್ನು ತಯಾರಕರ ಕೈಪಿಡಿಯಲ್ಲಿ ನೋಡಬೇಕು. ಬೀದರ್ ಅಥವಾ ಮಡಿಕೇರಿಯ ಚಳಿಗಾಲದ ರಾತ್ರಿಯಲ್ಲೂ ಉಪಕರಣಗಳಿಗೆ ತಂಪು ಬೇಕು. ಆ ಮಿತಿಗಿಂತ ಕೆಳಗೆ ಕೆಲವು ಯಂತ್ರಗಳ ಒಳ ಸುರುಳಿಯ ಮೇಲೆ ಹಿಮ ಕಟ್ಟಿ ಗಾಳಿಯ ಹರಿವು ನಿಲ್ಲುತ್ತದೆ.

ಉ) ಕರಾವಳಿ ಜಿಲ್ಲೆಗಳಲ್ಲಿ ಉಪ್ಪುಗಾಳಿಯಿಂದ ಹೊರ ಘಟಕವು ಬೇಗನೆ ತುಕ್ಕು ಹಿಡಿಯುವುದರಿಂದ ರಕ್ಷಣಾ ಲೇಪನವಿರುವ ಸುರುಳಿಯನ್ನು ಆಯ್ಕೆ ಮಾಡಬೇಕು.

ಊ) ಆರ್-32 ಶೀತಕವು ಅಲ್ಪ ಪ್ರಮಾಣದಲ್ಲಿಯೂ, ಆರ್-290 ಶೀತಕವು ಸುಲಭವಾಗಿಯೂ ಹೊತ್ತಿಕೊಳ್ಳುವ ಗುಣವನ್ನು ಹೊಂದಿವೆ. ಇವುಗಳನ್ನು ಬಳಸುವ ಯಂತ್ರಗಳಿಗೆ ತಯಾರಕರು ನಿಗದಿಪಡಿಸಿದ ಕನಿಷ್ಠ ಕೊಠಡಿ ವಿಸ್ತೀರ್ಣವನ್ನು ಮೀರದಂತೆ ಸಣ್ಣ ಕೊಠಡಿಯಲ್ಲಿ ಅಳವಡಿಸಬಾರದು. ಕೊಠಡಿಯು ಆ ವಿಸ್ತೀರ್ಣಕ್ಕಿಂತ ಚಿಕ್ಕದಾಗಿದ್ದಲ್ಲಿ ಬೇರೆ ಮಾದರಿಯನ್ನು ಆರಿಸಬೇಕು.

6. ಅಳವಡಿಕೆ

6.1 ಒಳ ಘಟಕ

ಒಳ ಘಟಕವನ್ನು ರ‍್ಯಾಕ್, ಯು.ಪಿ.ಎಸ್., ಬ್ಯಾಟರಿ ಅಥವಾ ವಿದ್ಯುತ್ ಫಲಕದ ನೇರ ಮೇಲ್ಭಾಗದಲ್ಲಿ ಎಂದಿಗೂ ಅಳವಡಿಸಬಾರದು. ಇದು ಈ ಮಾಹಿತಿಯಲ್ಲಿನ ಅತ್ಯಂತ ಮುಖ್ಯವಾದ ಸೂಚನೆಗಳಲ್ಲೊಂದು. ಮಳೆಗಾಲದಲ್ಲಿ ಒಂದೂವರೆ ಟನ್ ಯಂತ್ರದಿಂದ ಗಂಟೆಗೆ ಒಂದು ಲೀಟರಿಗೂ ಹೆಚ್ಚು ನೀರು ಹೊರಬರಬಹುದು. ನೀರಿನ ಕೊಳವೆ ಕಟ್ಟಿಕೊಂಡಲ್ಲಿ ಆ ನೀರು ಗೋಡೆಯ ಮೇಲೆ ಹಾಗೂ ಘಟಕದ ಕೆಳಗಿರುವ ವಸ್ತುಗಳ ಮೇಲೆ ಬೀಳುತ್ತದೆ.

ತಂಪು ಗಾಳಿಯು ರ‍್ಯಾಕ್‌ನ ಮುಂಭಾಗಕ್ಕೆ ತಲುಪುವಂತೆಯೂ, ಹಿಂಭಾಗದ ಬಿಸಿ ಗಾಳಿಯು ಘಟಕದ ಮೇಲ್ಭಾಗಕ್ಕೆ ಮರಳುವಂತೆಯೂ ಗೋಡೆಯನ್ನು ಆರಿಸಬೇಕು. ರ‍್ಯಾಕ್‌ನ ಹಿಂಭಾಗಕ್ಕೆ ತಂಪು ಗಾಳಿ ಬೀಸಿದರೆ ಬಿಸಿ ಮತ್ತು ತಂಪು ಗಾಳಿ ಬೆರೆತು, ಮುಂಭಾಗದ ಉಪಕರಣಗಳು ಬಿಸಿ ಗಾಳಿಯನ್ನೇ ಎಳೆದುಕೊಳ್ಳುತ್ತವೆ. ರ‍್ಯಾಕ್‌ನಲ್ಲಿರುವ ಖಾಲಿ ಜಾಗಗಳನ್ನು ಮುಚ್ಚುವ ತಗಡುಗಳಿಂದ ಮುಚ್ಚಿದರೆ ಈ ಬೆರಕೆ ಕಡಿಮೆಯಾಗುತ್ತದೆ. ಎರಡು ಘಟಕಗಳಿದ್ದಲ್ಲಿ ಒಂದರ ತಂಪು ಗಾಳಿಯು ಮತ್ತೊಂದರ ಒಳಹರಿವಿಗೆ ನೇರವಾಗಿ ತಾಗದಂತೆ ಅಂತರವಿರಿಸಬೇಕು. ಇಲ್ಲವಾದಲ್ಲಿ ಕೊಠಡಿ ಬಿಸಿಯಾಗಿದ್ದರೂ ಎರಡನೆಯ ಯಂತ್ರವು ತಂಪಾಗಿದೆಯೆಂದು ತಿಳಿದು ನಿಲ್ಲುತ್ತದೆ.

6.2 ನೀರಿನ ಕೊಳವೆ

ಕೊಳವೆಯು ಉದ್ದಕ್ಕೂ ಹೊರಭಾಗಕ್ಕೆ ಇಳಿಜಾರಾಗಿರಬೇಕು. ಕನಿಷ್ಠ ಪ್ರತಿ ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಇರಬೇಕು. ಗೋಡೆಯ ರಂಧ್ರವೂ ಹೊರಕ್ಕೆ ಇಳಿಜಾರಾಗಿರಬೇಕು ಮತ್ತು ಮಳೆನೀರು, ಇಲಿ, ಹಲ್ಲಿ ಒಳಬಾರದಂತೆ ಅದನ್ನು ಮುಚ್ಚಬೇಕು. ಕೆಲಸ ಮುಗಿದ ದಿನವೇ ಒಳ ಘಟಕದ ತಟ್ಟೆಗೆ ಒಂದೆರಡು ಲೀಟರ್ ನೀರು ಸುರಿದು, ಅದು ಪೂರ್ಣವಾಗಿ ಹೊರಹೋಗುವುದನ್ನು ಅರ್ಜಿದಾರರು ಸ್ವತಃ ನೋಡಿ ಖಚಿತಪಡಿಸಿಕೊಳ್ಳಬೇಕು.

6.3 ಹೊರ ಘಟಕ

ಹೊರ ಘಟಕವು ನೆರಳಿನಲ್ಲಿ, ಗಾಳಿ ಸರಾಗವಾಗಿ ಹರಿಯುವ ಜಾಗದಲ್ಲಿರಬೇಕು. ನಾಲ್ಕೂ ಕಡೆ ಮುಚ್ಚಿದ ಸಣ್ಣ ಶಾಫ್ಟ್‌ನಲ್ಲಿ ಇರಿಸಿದರೆ ಅದು ಬಿಟ್ಟ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಎರಡು ಹೊರ ಘಟಕಗಳು ಒಂದಕ್ಕೊಂದು ಎದುರಾಗಿ ಗಾಳಿ ಬೀಸಬಾರದು. ದುರಸ್ತಿಗಾರರು ಪ್ರಾಣಾಪಾಯವಿಲ್ಲದೆ ತಲುಪುವಂತಹ ಜಾಗವನ್ನೇ ಆರಿಸಬೇಕು. ಏಣಿ ನಿಲ್ಲದ, ಕಾಲಿಡಲು ಜಾಗವಿಲ್ಲದ ಹೊರಗೋಡೆಯ ಮೇಲೆ ಘಟಕವನ್ನು ನೇತುಹಾಕಿದರೆ ಅದರ ನಿರ್ವಹಣೆ ನಿಂತುಹೋಗುತ್ತದೆ.

6.4 ಶೀತಕದ ಕೊಳವೆಗಳು

ತಾಮ್ರದ ಎರಡೂ ಕೊಳವೆಗಳಿಗೆ ಪ್ರತ್ಯೇಕವಾಗಿ ಉಷ್ಣನಿರೋಧಕ ಹೊದಿಕೆ ಇರಬೇಕು. ಸೋರಿಕೆ ಪರೀಕ್ಷೆಯನ್ನು ನೈಟ್ರೋಜನ್ ಅನಿಲದಿಂದ ಮಾತ್ರ ನಡೆಸಬೇಕು. ಆಮ್ಲಜನಕವನ್ನು ಬಳಸುವುದು ಸ್ಫೋಟಕ್ಕೆ ಕಾರಣವಾಗಬಹುದು. ನಂತರ ವ್ಯಾಕ್ಯೂಮ್ ಪಂಪ್‌ನಿಂದ ಕೊಳವೆಯೊಳಗಿನ ಗಾಳಿ ಮತ್ತು ತೇವವನ್ನು ತೆಗೆಯಬೇಕು. ಶೀತಕವನ್ನೇ ಸ್ವಲ್ಪ ಹೊರಬಿಟ್ಟು ಗಾಳಿಯನ್ನು ತಳ್ಳುವ ಹಳೆಯ ಪದ್ಧತಿಯನ್ನು ಒಪ್ಪಬಾರದು. ಉಳಿದ ತೇವವು ಕಂಪ್ರೆಸರ್‌ನ ಆಯುಷ್ಯವನ್ನು ಕುಗ್ಗಿಸುತ್ತದೆ ಹಾಗೂ ಹೊರಬಿಟ್ಟ ಶೀತಕವು ಪರಿಸರಕ್ಕೆ ಹಾನಿಕರ.

7. ವಿದ್ಯುತ್ ಸಂಪರ್ಕ ಮತ್ತು ಹೆಚ್ಚುವರಿ ಲೋಡ್

7.1 ಎಲ್ಲಾ ವೈರಿಂಗ್ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಮಾಡಿಸಬೇಕು. ಪ್ರತಿ ಎ.ಸಿ.ಗೂ ಪ್ರತ್ಯೇಕ ಸರ್ಕ್ಯೂಟ್, ಪ್ರತ್ಯೇಕ ಎಂ.ಸಿ.ಬಿ. ಮತ್ತು ಸರಿಯಾದ ಅರ್ಥಿಂಗ್ ಇರಬೇಕು. ಒಂದೂವರೆ ಟನ್ ಯಂತ್ರಕ್ಕೆ ಸಾಮಾನ್ಯವಾಗಿ 20 ಆಂಪಿಯರ್ ಎಂ.ಸಿ.ಬಿ. ಹಾಗೂ 4 ಚದರ ಮಿಲಿಮೀಟರ್ ತಾಮ್ರದ ತಂತಿಯನ್ನು ಬಳಸಲಾಗುತ್ತದೆ. ತಯಾರಕರ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದಲ್ಲಿ ಅದನ್ನೇ ಅನುಸರಿಸಬೇಕು.

7.2 ವಿದ್ಯುತ್ ಸೋರಿಕೆಯಿಂದ ರಕ್ಷಿಸುವ ಆರ್.ಸಿ.ಸಿ.ಬಿ. ಸಾಧನವನ್ನು ಎರಡೂ ಎ.ಸಿ.ಗಳಿಗೆ ಒಟ್ಟಾಗಿ ಒಂದೇ ಅಳವಡಿಸಬಾರದು. ಒಂದು ಯಂತ್ರದ ದೋಷದಿಂದ ಅದು ಬಿದ್ದರೆ ಎರಡೂ ಯಂತ್ರಗಳು ನಿಲ್ಲುತ್ತವೆ. ಆಗ ಎರಡು ಯಂತ್ರಗಳನ್ನು ಅಳವಡಿಸಿದ ಉದ್ದೇಶವೇ ವ್ಯರ್ಥವಾಗುತ್ತದೆ.

7.3 ಉಪಕರಣಗಳಿಗೆ ವಿದ್ಯುತ್ ನೀಡುವ ಯು.ಪಿ.ಎಸ್.ಗೆ ಎ.ಸಿ.ಯನ್ನು ಜೋಡಿಸಬಾರದು. ಕಂಪ್ರೆಸರ್ ಎಳೆಯುವ ವಿದ್ಯುತ್ತಿನಿಂದ ಬ್ಯಾಟರಿಯು ಬೇಗನೆ ಬರಿದಾಗುತ್ತದೆ ಮತ್ತು ಯು.ಪಿ.ಎಸ್. ಅತಿಹೊರೆಯಿಂದ ನಿಲ್ಲಬಹುದು.

7.4 ಎರಡು ಎ.ಸಿ.ಗಳನ್ನು ಸೇರಿಸಿದಾಗ ಬಹುತೇಕ ಸಣ್ಣ ಕಟ್ಟಡಗಳಲ್ಲಿ ಮಂಜೂರಾದ ಲೋಡ್ ಸಾಲುವುದಿಲ್ಲ. ಉದಾಹರಣೆಯ ಕೊಠಡಿಯಲ್ಲಿ ಉಪಕರಣ ಮತ್ತು ಯು.ಪಿ.ಎಸ್. 2.2 ಕಿಲೋವ್ಯಾಟ್, ಎ.ಸಿ.ಗಳು ತಲಾ 1.7ರಂತೆ 3.4 ಕಿಲೋವ್ಯಾಟ್ ಎಂದಾದರೆ ಒಟ್ಟು 5.6 ಕಿಲೋವ್ಯಾಟ್ ಆಗುತ್ತದೆ. ಸಾಮಾನ್ಯ ದಿನಗಳಲ್ಲಿ ಒಂದೇ ಎ.ಸಿ. ಚಾಲನೆಯಲ್ಲಿದ್ದರೂ ಅಗತ್ಯ ಬಿದ್ದಾಗ ಎರಡೂ ಚಾಲನೆಗೊಳ್ಳುವುದರಿಂದ ಲೋಡ್ ಪಟ್ಟಿಯಲ್ಲಿ ಎರಡನ್ನೂ ತೋರಿಸಬೇಕು.

7.5 ಹೆಚ್ಚುವರಿ ಲೋಡ್‌ಗಾಗಿ ತಮ್ಮ ವ್ಯಾಪ್ತಿಯ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗ ಕಚೇರಿಗೆ ಅರ್ಜಿ ಸಲ್ಲಿಸಬೇಕು. ಅರ್ಜಿಗೆ ಮುನ್ನ ಈ ಕೆಳಗಿನವುಗಳನ್ನು ಸಿದ್ಧಪಡಿಸಿಕೊಂಡರೆ ವಿಳಂಬ ತಪ್ಪುತ್ತದೆ:

- ಇತ್ತೀಚಿನ ವಿದ್ಯುತ್ ಬಿಲ್ ಮತ್ತು ಸ್ಥಾವರದ ಆರ್.ಆರ್. ಸಂಖ್ಯೆ
- ಈಗಿನ ಮಂಜೂರಾದ ಲೋಡ್ ಮತ್ತು ಕೋರುವ ಲೋಡ್‌ನ ವಿವರ
- ಉಪಕರಣವಾರು ಲೋಡ್ ಪಟ್ಟಿ
- ಗುತ್ತಿಗೆದಾರರು ಸಹಿ ಮಾಡಿದ ವೈರಿಂಗ್ ನಕ್ಷೆ
- ಬಾಡಿಗೆ ಕಟ್ಟಡವಾಗಿದ್ದಲ್ಲಿ ಮಾಲೀಕರ ಒಪ್ಪಿಗೆ ಪತ್ರ

ಮನೆಯ ಒಂದು ಭಾಗದಲ್ಲಿ ಉಪಕರಣ ಕೊಠಡಿ ಇರಿಸಿಕೊಂಡವರು ಗಮನಿಸಬೇಕಾದ ಅಂಶವೆಂದರೆ, ಗೃಹಬಳಕೆಗೆ ಪಡೆದ ಸಂಪರ್ಕವನ್ನು ವಾಣಿಜ್ಯ ಉದ್ದೇಶಕ್ಕೆ ಬಳಸುವುದು ವಿದ್ಯುಚ್ಛಕ್ತಿ ಕಾಯ್ದೆ, 2003ರ 126ನೇ ಕಲಮಿನ ಅನ್ವಯ ಅನಧಿಕೃತ ಬಳಕೆಯಾಗುತ್ತದೆ. ಆದ್ದರಿಂದ ಸರಿಯಾದ ವರ್ಗದಲ್ಲಿಯೇ ಸಂಪರ್ಕ ಪಡೆಯಬೇಕು.

8. ನಿಯಂತ್ರಣ

8.1 ರಿಮೋಟ್‌ನ ಆಯ್ಕೆಗಳು

ಯಂತ್ರವನ್ನು ಯಾವಾಗಲೂ 'ಕೂಲ್' ಸ್ಥಿತಿಯಲ್ಲಿಯೇ ಇರಿಸಬೇಕು. 'ಡ್ರೈ' ಸ್ಥಿತಿಯಲ್ಲಿ ತಂಪು ಸಾಲುವುದಿಲ್ಲ. ಬಿಸಿ ಮಾಡುವ ಸೌಲಭ್ಯವೂ ಇರುವ ಯಂತ್ರಗಳಲ್ಲಿ 'ಆಟೋ' ಸ್ಥಿತಿಯನ್ನು ಬಳಸಿದರೆ, ಒಂದು ಯಂತ್ರ ತಂಪು ಮಾಡುತ್ತಿರುವಾಗ ಇನ್ನೊಂದು ಬಿಸಿ ಮಾಡುವ ವಿಪರೀತ ಸ್ಥಿತಿ ಉಂಟಾಗಬಹುದು. 'ಸ್ಲೀಪ್' ಸ್ಥಿತಿಯು ರಾತ್ರಿ ತಾಪಮಾನವನ್ನು ತಾನಾಗಿಯೇ ಏರಿಸುತ್ತದೆ. ಜನರಿಲ್ಲದಾಗ ತಂಪನ್ನು ತಗ್ಗಿಸುವ ಸಂವೇದಕವಿರುವ ಯಂತ್ರಗಳಲ್ಲಿ, ಖಾಲಿ ಕೊಠಡಿಯನ್ನು ಅದು 'ಅಗತ್ಯವಿಲ್ಲದ ಕೊಠಡಿ' ಎಂದು ಪರಿಗಣಿಸುತ್ತದೆ. ಆದ್ದರಿಂದ ಸ್ಲೀಪ್, ಟೈಮರ್ ಮತ್ತು ಜನರ ಇರುವಿಕೆ ಆಧಾರಿತ ಸೌಲಭ್ಯಗಳನ್ನು ಸ್ಥಗಿತಗೊಳಿಸಬೇಕು. ರಿಮೋಟ್ ಅನ್ನು ಕೊಠಡಿಯ ಹೊರಗೆ ಒಯ್ಯದೆ, ಗೋಡೆಯ ಹಿಡಿಕೆಯಲ್ಲಿ ಇರಿಸಬೇಕು.

8.2 ಎರಡು ಯಂತ್ರಗಳ ಸರದಿ

ಒಂದೇ ಯಂತ್ರವನ್ನು ಸದಾ ನಡೆಸಿ ಇನ್ನೊಂದನ್ನು ವರ್ಷಗಟ್ಟಲೆ ನಿಲ್ಲಿಸಿಟ್ಟರೆ, ಅಗತ್ಯ ಬಿದ್ದ ದಿನ ಎರಡನೆಯದು ಚಾಲನೆಗೊಳ್ಳುವ ಖಾತರಿ ಇರುವುದಿಲ್ಲ. ಇದಕ್ಕೆ ಎರಡು ಮಾರ್ಗಗಳಿವೆ. ಮೊದಲನೆಯದು ಸರಳ ಕ್ರಮ: ಮೊದಲ ಯಂತ್ರವನ್ನು 24 ಡಿಗ್ರಿಗೂ, ಎರಡನೆಯದನ್ನು 27 ಡಿಗ್ರಿಗೂ ನಿಗದಿಪಡಿಸಿ ಎರಡನ್ನೂ ಚಾಲನೆಯಲ್ಲಿಡುವುದು. ಮೊದಲನೆಯದು ಸೋತಾಗ ಮಾತ್ರ ಎರಡನೆಯದರ ಕಂಪ್ರೆಸರ್ ಕೆಲಸ ಆರಂಭಿಸುತ್ತದೆ. ಪ್ರತಿ ಸೋಮವಾರ ಈ ಎರಡು ಸಂಖ್ಯೆಗಳನ್ನು ಅದಲುಬದಲು ಮಾಡಿ ನೋಂದಣಿ ಪುಸ್ತಕದಲ್ಲಿ ಬರೆಯಬೇಕು. ಎರಡನೆಯದು ಸ್ವಯಂಚಾಲಿತ ಸರದಿ ನಿಯಂತ್ರಕವನ್ನು ಅಳವಡಿಸುವುದು. ಇದು ನಿಗದಿತ ಗಂಟೆಗಳಿಗೊಮ್ಮೆ ಯಂತ್ರವನ್ನು ಬದಲಾಯಿಸುತ್ತದೆ ಹಾಗೂ ತಾಪಮಾನ ಏರಿದರೆ ಎರಡನ್ನೂ ಚಾಲನೆ ಮಾಡುತ್ತದೆ.

ಈ ನಿಯಂತ್ರಕವು ಯಂತ್ರದ ತಯಾರಕರು ಒದಗಿಸಿದ ತಂತಿ ಜೋಡಣೆಯ ಮೂಲಕ ಅಥವಾ ರಿಮೋಟ್‌ನ ಸಂಕೇತವನ್ನು ಕಳುಹಿಸುವ ಮೂಲಕ ಕೆಲಸ ಮಾಡಬೇಕು. ಚಾಲನೆಯಲ್ಲಿರುವ ಯಂತ್ರದ ವಿದ್ಯುತ್ತನ್ನೇ ಟೈಮರ್‌ನಿಂದ ಕಡಿದು ಮತ್ತೆ ಕೊಡುವ ಅಗ್ಗದ ವಿಧಾನವನ್ನು ಬಳಸಬಾರದು. ಕಂಪ್ರೆಸರ್ ನಿಂತ ನಂತರ ಒಳಗಿನ ಒತ್ತಡ ಸಮವಾಗಲು ಸುಮಾರು ಮೂರು ನಿಮಿಷ ಬೇಕಾಗುತ್ತದೆ. ಅದಕ್ಕೂ ಮೊದಲು ಮತ್ತೆ ಚಾಲನೆ ನೀಡಿದರೆ ಕಂಪ್ರೆಸರ್‌ಗೆ ಹಾನಿಯಾಗಬಹುದು.

8.3 ತಾಪಮಾನ ಅಳೆಯುವ ಜಾಗ

ಎ.ಸಿ.ಯು ತನ್ನೊಳಗೆ ಮರಳುವ, ಸೂರಿನ ಸಮೀಪದ ಗಾಳಿಯ ತಾಪಮಾನವನ್ನು ಅಳೆಯುತ್ತದೆ. ಉಪಕರಣದ ಮುಂದಿರುವ ಗಾಳಿಯ ತಾಪಮಾನ ಅದಕ್ಕಿಂತ ಬೇರೆಯಾಗಿರಬಹುದು. ಆದ್ದರಿಂದ ರ‍್ಯಾಕ್‌ನ ಮುಂಭಾಗದಲ್ಲಿ ನಡುಮಟ್ಟಕ್ಕಿಂತ ಸ್ವಲ್ಪ ಮೇಲೆ ಪ್ರತ್ಯೇಕ ಉಷ್ಣಮಾಪಕವನ್ನು ಇರಿಸಿ, ಅದರಲ್ಲಿ 27 ಡಿಗ್ರಿ ಮೀರದಂತೆ ಎ.ಸಿ.ಯ ನಿಗದಿತ ತಾಪಮಾನವನ್ನು ಹೊಂದಿಸಿಕೊಳ್ಳಬೇಕು. ತೇವಾಂಶವು ಶೇ. 40ರಿಂದ 60ರ ನಡುವೆ ಇದ್ದರೆ ಉತ್ತಮ.

9. ವಿದ್ಯುತ್ ನಿಲುಗಡೆಯ ವೇಳೆ

ಸಣ್ಣ ಕೊಠಡಿಗಳಲ್ಲಿ ಬಹುಪಾಲು ಕಡೆಗಣಿಸಲಾಗುವ ಅಂಶವೆಂದರೆ ಇದು: ವಿದ್ಯುತ್ ಹೋದಾಗ ಎ.ಸಿ. ನಿಲ್ಲುತ್ತದೆ, ಯು.ಪಿ.ಎಸ್. ಇರುವ ಕಾರಣ ಉಪಕರಣಗಳು ಮಾತ್ರ ಎಂದಿನಂತೆ ಶಾಖವನ್ನು ಬಿಡುತ್ತಿರುತ್ತವೆ. ಯು.ಪಿ.ಎಸ್. ಬ್ಯಾಟರಿ ದೊಡ್ಡದಾದಷ್ಟೂ ಈ ಅವಧಿ ದೀರ್ಘವಾಗುತ್ತದೆ. ಉದಾಹರಣೆಯ ಕೊಠಡಿಯಲ್ಲಿ 36 ಘನ ಮೀಟರ್ ಗಾಳಿಯಿದೆ. ಗಾಳಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ 2.2 ಕಿಲೋವ್ಯಾಟ್ ಶಾಖದಿಂದ ತಾಪಮಾನವು ನಿಮಿಷಕ್ಕೆ 3 ಡಿಗ್ರಿಗೂ ಹೆಚ್ಚು ಏರುತ್ತದೆ. ಗೋಡೆ, ನೆಲ ಮತ್ತು ಲೋಹದ ಭಾಗಗಳು ಶಾಖವನ್ನು ಹೀರಿಕೊಳ್ಳುವುದರಿಂದ ವಾಸ್ತವದಲ್ಲಿ ಏರಿಕೆ ಇದಕ್ಕಿಂತ ನಿಧಾನವಾಗಿರುತ್ತದೆ. ಆದರೂ ಗಂಟೆಗಟ್ಟಲೆ ಕಾಯುವಷ್ಟು ಸಮಯ ಇರುವುದಿಲ್ಲ.

ಆದ್ದರಿಂದ ಅರ್ಜಿದಾರರು ಈ ಕೆಳಗಿನ ಎರಡರಲ್ಲಿ ಒಂದನ್ನು ಮೊದಲೇ ನಿರ್ಧರಿಸಬೇಕು:

ಅ) ಜನರೇಟರ್ ಇದ್ದಲ್ಲಿ, ಕನಿಷ್ಠ ಒಂದು ಎ.ಸಿ.ಯನ್ನು ಅದಕ್ಕೆ ಜೋಡಿಸಬೇಕು. ಎರಡನ್ನೂ ಜೋಡಿಸಿದ್ದಲ್ಲಿ ಅವು ಒಂದೇ ಕ್ಷಣದಲ್ಲಿ ಚಾಲನೆಗೊಳ್ಳದಂತೆ ಕೆಲವು ನಿಮಿಷಗಳ ಅಂತರವಿರಬೇಕು.

ಆ) ಜನರೇಟರ್ ಇಲ್ಲದಿದ್ದಲ್ಲಿ, ಕೊಠಡಿ ಬಿಸಿಯೇರುವ ಮೊದಲೇ ಉಪಕರಣಗಳು ಕ್ರಮಬದ್ಧವಾಗಿ ತಾವಾಗಿಯೇ ಸ್ಥಗಿತಗೊಳ್ಳುವಂತೆ ಯು.ಪಿ.ಎಸ್. ತಂತ್ರಾಂಶವನ್ನು ಹೊಂದಿಸಬೇಕು. ಕ್ರಮಬದ್ಧ ಸ್ಥಗಿತದಿಂದ ಸೇವೆ ಕೆಲಕಾಲ ನಿಲ್ಲಬಹುದು. ಆದರೆ ದಾಖಲೆಗಳು ಉಳಿಯುತ್ತವೆ. ಬಿಸಿಯಿಂದ ಹಠಾತ್ತನೆ ನಿಂತರೆ ದಾಖಲೆಗಳೇ ನಷ್ಟವಾಗಬಹುದು.

10. ಎಚ್ಚರಿಕೆ ವ್ಯವಸ್ಥೆ

ಎ.ಸಿ.ಯ ನಿಯಂತ್ರಕವೇ ಕೆಟ್ಟಾಗ ಅದು ಎಚ್ಚರಿಕೆ ನೀಡಲಾರದು. ಆದ್ದರಿಂದ ಎಚ್ಚರಿಕೆ ಸಾಧನವು ಎ.ಸಿ.ಯಿಂದ ಪೂರ್ಣವಾಗಿ ಪ್ರತ್ಯೇಕವಾಗಿರಬೇಕು ಮತ್ತು ಸ್ವಂತ ಬ್ಯಾಟರಿಯನ್ನು ಹೊಂದಿರಬೇಕು. ಮೊಬೈಲ್ ಸಿಮ್ ಬಳಸಿ ಎಸ್.ಎಂ.ಎಸ್. ಕಳುಹಿಸುವ ಸರಳ ಸಾಧನಗಳು ಸಾಕಾಗುತ್ತವೆ. ಕೊಠಡಿಯ ಅಂತರಜಾಲ ಸಂಪರ್ಕವನ್ನೇ ಅವಲಂಬಿಸಿದ ಎಚ್ಚರಿಕೆಯು ಆ ಸಂಪರ್ಕ ಹೋದಾಗ ತಾನೂ ನಿಲ್ಲುತ್ತದೆ.

ಮೂರು ಹಂತಗಳನ್ನು ನಿಗದಿಪಡಿಸುವುದು ಸೂಕ್ತ: 28 ಡಿಗ್ರಿಗೆ ಜವಾಬ್ದಾರಿ ಹೊತ್ತವರಿಗೆ ಸಂದೇಶ; 32 ಡಿಗ್ರಿಗೆ ಎರಡನೆಯ ವ್ಯಕ್ತಿಗೂ ಸಂದೇಶ ಮತ್ತು ಅನಗತ್ಯ ಉಪಕರಣಗಳ ಸ್ಥಗಿತ; 35 ಡಿಗ್ರಿಗೆ ಎಲ್ಲಾ ಉಪಕರಣಗಳ ಕ್ರಮಬದ್ಧ ಸ್ಥಗಿತ. ಉಪಕರಣ ತಯಾರಕರ ಮಿತಿಯು ಇದಕ್ಕಿಂತ ಕಡಿಮೆ ಇದ್ದಲ್ಲಿ ಆ ಮಿತಿಯನ್ನೇ ಪಾಲಿಸಬೇಕು. ಒಳ ಘಟಕದ ಕೆಳಗೆ ನೀರು ಸೋರಿಕೆ ಸಂವೇದಕವನ್ನೂ ಇರಿಸಬಹುದು. ಬೆಂಕಿ ಸೂಚಕವು ಎಚ್ಚರಿಸಿದಾಗ ಎ.ಸಿ. ನಿಲ್ಲುವಂತೆ ಜೋಡಣೆ ಮಾಡಿದರೆ ಹೊಗೆ ಹರಡುವುದು ಕಡಿಮೆಯಾಗುತ್ತದೆ. ಬಾಗಿಲ ಬಳಿ ಇಂಗಾಲದ ಡೈಆಕ್ಸೈಡ್ ಅಗ್ನಿಶಾಮಕವನ್ನು ಇರಿಸಬೇಕು.

11. ನಿರ್ವಹಣೆ

- ಪ್ರತಿ 15 ದಿನಗಳಿಗೊಮ್ಮೆ: ಗಾಳಿ ಶೋಧಕದ ಜಾಲರಿಯನ್ನು ತೊಳೆದು ಒಣಗಿಸಿ ಹಾಕುವುದು.
- ಪ್ರತಿ ತಿಂಗಳು: ನೀರಿನ ಕೊಳವೆಯ ಪರೀಕ್ಷೆ, ವಿದ್ಯುತ್ ಕಡಿದು ಮತ್ತೆ ನೀಡಿ ಆಟೋ ರೀಸ್ಟಾರ್ಟ್ ಪರೀಕ್ಷೆ, ಎಚ್ಚರಿಕೆ ಸಂದೇಶದ ಪರೀಕ್ಷೆ.
- ಫೆಬ್ರವರಿಯಲ್ಲಿ, ಬೇಸಿಗೆಗೆ ಮುನ್ನ: ಒಳ ಮತ್ತು ಹೊರ ಸುರುಳಿಗಳ ಶುಚಿ, ವಿದ್ಯುತ್ ಜೋಡಣೆಗಳ ಬಿಗಿ, ಶೀತಕದ ಪರೀಕ್ಷೆ.
- ಮಳೆಗಾಲದ ನಂತರ: ಹೊರ ಘಟಕದ ತುಕ್ಕು, ಕೊಳವೆಯ ಹೊದಿಕೆ ಮತ್ತು ಗೋಡೆ ರಂಧ್ರದ ಪರಿಶೀಲನೆ.

ಎ.ಸಿ.ಯ ಶೀತಕವು ವಾಹನದ ಇಂಧನದಂತೆ ಬಳಕೆಯಿಂದ ಮುಗಿಯುವ ವಸ್ತುವಲ್ಲ. ಪ್ರತಿ ವರ್ಷ 'ಗ್ಯಾಸ್ ತುಂಬಿಸಬೇಕು' ಎಂದರೆ ಎಲ್ಲೋ ಸೋರಿಕೆ ಇದೆ ಎಂದರ್ಥ. ಅದನ್ನು ಮೊದಲು ಸರಿಪಡಿಸಬೇಕು. ಹಳೆಯ ಯಂತ್ರಗಳನ್ನು ಇ-ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಅನ್ವಯ ನೋಂದಾಯಿತ ಮರುಬಳಕೆದಾರರಿಗೆ ತಲುಪುವಂತೆ ವಿಲೇವಾರಿ ಮಾಡಬೇಕು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಿದ್ಯುತ್ ವೆಚ್ಚ ಎಷ್ಟಾಗಬಹುದು?
ಉತ್ತರ: ಎ.ಸಿ.ಯು ಸರಾಸರಿ 0.8 ಕಿಲೋವ್ಯಾಟ್ ಬಳಸಿದರೆ ದಿನಕ್ಕೆ ಸುಮಾರು 19 ಯೂನಿಟ್, ವರ್ಷಕ್ಕೆ ಸುಮಾರು 7,000 ಯೂನಿಟ್ ಆಗುತ್ತದೆ. ಇದನ್ನು ತಮ್ಮ ವರ್ಗದ ದರದಿಂದ ಗುಣಿಸಿ ವೆಚ್ಚವನ್ನು ತಿಳಿಯಬಹುದು.

ಪ್ರಶ್ನೆ: ಎ.ಸಿ. ಬದಲು ಹೊರದೂಡುವ ಫ್ಯಾನ್ ಸಾಕಾಗುವುದಿಲ್ಲವೇ?
ಉತ್ತರ: ಹೊರಗಿನ ಗಾಳಿ ತಂಪಾಗಿರುವಾಗ ಶೋಧಕ ಸಹಿತ ಫ್ಯಾನ್ ತುರ್ತು ಸಹಾಯಕವಾಗಿ ಉಪಯುಕ್ತ. ಆದರೆ ಬೇಸಿಗೆಯ ಧೂಳು ಮತ್ತು ಮಳೆಗಾಲದ ತೇವದಲ್ಲಿ ಅದನ್ನೇ ಅವಲಂಬಿಸಲಾಗದು.

ಪ್ರಶ್ನೆ: ಹಣದ ಕೊರತೆಯಿಂದ ಒಂದೇ ಎ.ಸಿ. ಅಳವಡಿಸಬಹುದೇ?
ಉತ್ತರ: ಅಳವಡಿಸಬಹುದು. ಅಂತಹ ಸಂದರ್ಭದಲ್ಲಿ ಪ್ರತ್ಯೇಕ ಎಚ್ಚರಿಕೆ ಸಾಧನ ಮತ್ತು ಕ್ರಮಬದ್ಧ ಸ್ಥಗಿತ ವ್ಯವಸ್ಥೆಯನ್ನು ಮಾತ್ರ ಕೈಬಿಡಬಾರದು. ಎರಡನೆಯ ಯಂತ್ರಕ್ಕೆ ಬೇಕಾದ ವೈರಿಂಗ್ ಮತ್ತು ಗೋಡೆಯ ಜಾಗವನ್ನು ಈಗಲೇ ಕಾಯ್ದಿರಿಸಬೇಕು.

ಪ್ರಶ್ನೆ: ವಿದ್ಯುತ್ ಸರಬರಾಜಿನ ದೂರುಗಳನ್ನು ಎಲ್ಲಿ ನೀಡಬೇಕು?
ಉತ್ತರ: ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ ಆರ್.ಆರ್. ಸಂಖ್ಯೆಯೊಂದಿಗೆ ದೂರು ದಾಖಲಿಸಬಹುದು.

13. ಕೆಲಸವನ್ನು ಒಪ್ಪಿಕೊಳ್ಳುವ ಮುನ್ನ

ಅಳವಡಿಕೆ ಮುಗಿದ ನಂತರ ಬಾಕಿ ಹಣ ಪಾವತಿಸುವ ಮುನ್ನ ಅರ್ಜಿದಾರರು ನಾಲ್ಕು ಪರೀಕ್ಷೆಗಳನ್ನು ತಮ್ಮ ಸಮಕ್ಷಮದಲ್ಲಿ ಮಾಡಿಸಬೇಕು: ತಟ್ಟೆಗೆ ನೀರು ಸುರಿಯುವುದು, ಮುಖ್ಯ ಸ್ವಿಚ್ ಕಡಿದು ಮತ್ತೆ ಹಾಕಿ ಎರಡೂ ಯಂತ್ರಗಳು ತಾವಾಗಿ ಚಾಲನೆಗೊಳ್ಳುವುದನ್ನು ನೋಡುವುದು, ಒಂದು ಯಂತ್ರವನ್ನು ನಿಲ್ಲಿಸಿ ಇನ್ನೊಂದು ಮಾತ್ರವೇ ಮಧ್ಯಾಹ್ನದ ಬಿಸಿಲಿನಲ್ಲಿ ರ‍್ಯಾಕ್‌ನ ಮುಂಭಾಗವನ್ನು 27 ಡಿಗ್ರಿಯೊಳಗೆ ಇರಿಸುವುದನ್ನು ಅಳೆಯುವುದು, ಎರಡೂ ಯಂತ್ರಗಳನ್ನು ನಿಲ್ಲಿಸಿ, ಎಚ್ಚರಿಕೆ ಸಂದೇಶ ಎಷ್ಟು ನಿಮಿಷದಲ್ಲಿ ಬಂದಿತೆಂದು ಗಡಿಯಾರ ನೋಡಿ ಬರೆದುಕೊಳ್ಳುವುದು. ನಾಲ್ಕನೆಯ ಪರೀಕ್ಷೆಯಲ್ಲಿ ದೊರೆತ ನಿಮಿಷಗಳು, ಸಂದೇಶ ಬಂದವರು ಕೊಠಡಿಗೆ ತಲುಪಲು ಬೇಕಾಗುವ ಸಮಯಕ್ಕೆ ಸಾಲುತ್ತವೆಯೇ ಎಂಬುದನ್ನು ನೋಡಬೇಕು. ಸಾಲದಿದ್ದಲ್ಲಿ ಸ್ವಯಂಚಾಲಿತ ಸ್ಥಗಿತದ ತಾಪಮಾನವನ್ನು ಇನ್ನಷ್ಟು ಕೆಳಕ್ಕೆ ಇಳಿಸಿಕೊಳ್ಳಬೇಕು.

ಪರೀಕ್ಷೆಯ ದಿನಾಂಕ, ಅಳತೆಗಳು ಮತ್ತು ಗುತ್ತಿಗೆದಾರರ ಸಹಿಯನ್ನು ನೋಂದಣಿ ಪುಸ್ತಕದ ಮೊದಲ ಪುಟದಲ್ಲಿ ದಾಖಲಿಸಿ, ಪುಸ್ತಕವನ್ನು ಕೊಠಡಿಯಲ್ಲಿಯೇ ಇರಿಸತಕ್ಕದ್ದು.